ಪಡಸಾಲೆಗೆ ಕುರ್ಚಿ ಬಂದ ಬಗೆ

ಮನೆ ಕಟ್ಟಿಸಲು ಹೊರಟವರನ್ನು ನಾವೀಗ ಮೊದಲು ಕೇಳುವ ಮಾತು, "ಹಾಲ್ ಎಷ್ಟು ದೊಡ್ಡದು?" ಎಂಬುದು. ನಮ್ಮ ಅಜ್ಜಂದಿರು ಕೇಳುತ್ತಿದ್ದುದು, "ಎಷ್ಟು ಅಂಕಣದ ಮನೆ?" ಎಂದು. ಈ ಎರಡು ಪ್ರಶ್ನೆಗಳ ನಡುವೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಅರಸರ ಚರಿತ್ರೆಯಂತೆ ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಕಂಬ, ಕಿಟಕಿ, ಚಾಪೆ, ಕುರ್ಚಿಗಳಲ್ಲಿ ಅದನ್ನು ಓದಿಕೊಳ್ಳಬೇಕು. ನಾಲ್ಕು ಜನ ಕುಳಿತು ಮಾತನಾಡುವ ಕೋಣೆ ನಮ್ಮ ನಾಡಿನ ಮನೆಗಳಲ್ಲಿ ಹೇಗೆ ರೂಪುಗೊಂಡಿತು, ಅಲ್ಲಿ ಯಾರಿಗೆ ಕೂರಲು ಎಡೆಯಿತ್ತು, ಯಾರಿಗೆ ಇರಲಿಲ್ಲ ಎಂಬ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಎರಡು ಕಂಬಗಳ ನಡುವಣ ಎಡೆಗೆ ಅಂಕಣವೆಂದು ಹೆಸರು. ಕಂಬದಿಂದ ಕಂಬಕ್ಕೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಾಳಿಗೆಯ ಮಣ್ಣು ಅಥವಾ ಹೆಂಚು. ಸಿಕ್ಕಿದ ಮರ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಬಡವನದು ಎರಡಂಕಣದ ಮನೆ, ಸಿರಿವಂತನದು ಹನ್ನೆರಡಂಕಣದ ಮನೆ. ಆದರೆ ಒಂದು ಅಂಕಣದ ಅಗಲದಲ್ಲಿ ಇಬ್ಬರಿಗೂ ಅಂಥ ದೊಡ್ಡ ಅಂತರವೇನೂ ಇರುತ್ತಿರಲಿಲ್ಲ. ಹಳೆಯ ಪಡಸಾಲೆಗಳು ಅಗಲದಲ್ಲಿ ಕಿರಿದಾಗಿ ಉದ್ದಕ್ಕೆ ಹಬ್ಬಿಕೊಂಡಿರುವುದಕ್ಕೆ ಇದು ಕಾರಣ. ಗೋಡೆಗೆ ಒರಗಿ ಸಾಲಾಗಿ ನೆಲದ ಮೇಲೆ ಕೂರುವವರಿಗೆ ಅಷ್ಟು ಅಗಲ ಧಾರಾಳವಾಯಿತು. ಎದುರುಬದುರು ಎರಡು ಸೋಫಾ ಹಾಕಿ ನಡುವೆ ಟೀಪಾಯಿ ಇಡುವವರಿಗೆ ಅದು ಸಾಲದು. ಹಳೆಯ ಮನೆಯಲ್ಲಿ ಹೊಸ ಸಾಮಾನು ತುಂಬಿದವರು ಮೊಣಕಾಲು ಓರೆ ಮಾಡಿಕೊಂಡು ಓಡಾಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಈ ಕೋಣೆಗೆ ನಮ್ಮಲ್ಲಿ ಒಂದೇ ಹೆಸರಿಲ್ಲ. ಹಳೆಯ ಮೈಸೂರಿನ ಕಡೆ ಬೀದಿಗೆ ಮುಖ ಮಾಡಿದ್ದು ಜಗಲಿ, ಒಳಗಿನದು ನಡುಮನೆ ಅಥವಾ ಹಜಾರ. ಧಾರವಾಡ, ಬಿಜಾಪುರದ ಕಡೆ ಅದು ಪಡಸಾಲೆ. ಅಲ್ಲಿನ ಅನೇಕ ಹಳೆಯ ಒಕ್ಕಲು ಮನೆಗಳಲ್ಲಿ ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನದ ಗ್ವಾದಲಿ, ಮೆಟ್ಟಿಲಷ್ಟು ಎತ್ತರದಲ್ಲಿ ಪಡಸಾಲೆ, ನೆತ್ತಿಯ ಮೇಲೆ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿ. ಕರಾವಳಿಯಲ್ಲಿ ಚಾವಡಿ. ಕೊಡಗಿನ ಐನ್‌ಮನೆಗಳ ಮುಂಭಾಗದ ಕಯ್ಯಾಲೆಯಲ್ಲಿ ಕಂಬದಿಂದ ಕಂಬಕ್ಕೆ ಐಮರವೆಂಬ ಅಗಲವಾದ ಹಲಗೆಗಳಿರುತ್ತವೆ. ಅದು ಮನೆತನದ ಹಿರಿಯರು ಕೂರುವ ತಾಣ. ಹೆಸರು ಬೇರೆ ಬೇರೆಯಾದರೂ ಇವೆಲ್ಲವುಗಳಿಗೂ ಒಂದು ಗುಣ ಸಮಾನವಾಗಿತ್ತು. ಅಲ್ಲಿ ಸಾಮಾನು ಇರಲಿಲ್ಲ, ಇದ್ದುದು ನೆಲ.

ಬರಿಯ ನೆಲವೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಹಾಸನದ ಕಡೆಯ ನಮ್ಮ ಹಳ್ಳಿಮನೆಯ ನಡುಮನೆ ಒಂದು ದಿನದಲ್ಲಿ ಐದಾರು ಕೋಣೆಗಳ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಮಕ್ಕಳ ಪಾಠ, ಹತ್ತು ಗಂಟೆಗೆ ಲೆಕ್ಕಪತ್ರ, ಮಧ್ಯಾಹ್ನ ಎಲೆ ಹಾಕಿ ಊಟ, ಆಮೇಲೆ ಹೆಂಗಸರ ಹೂವು ಕಟ್ಟುವ ಕೆಲಸ ಮತ್ತು ಚೌಕಾಬಾರ, ಸಂಜೆ ದೀಪ ಹಚ್ಚಿದ ಮೇಲೆ ಕುಮಾರವ್ಯಾಸನ ಗಮಕವಾಚನ, ರಾತ್ರಿ ಹಾಸಿಗೆ. ಹೆಣ್ಣು ನೋಡುವ ಶಾಸ್ತ್ರವೂ ಅಲ್ಲೇ, ಹಿರಿಯರು ಕಣ್ಣು ಮುಚ್ಚಿದಾಗ ದೇಹವನ್ನು ಇಳಿಸಿ ಮಲಗಿಸುತ್ತಿದ್ದುದೂ ಅಲ್ಲೇ. ಚಾಪೆ ಸುತ್ತಿಟ್ಟರೆ ಕೋಣೆ ಮತ್ತೆ ಖಾಲಿ. ಗೋಡೆಯಲ್ಲಿ ದೀಪಕ್ಕೊಂದು ಗೂಡು, ಅಂಗವಸ್ತ್ರಕ್ಕೊಂದು ಗೂಟ, ಉಳಿದದ್ದಕ್ಕೆ ಅಟ್ಟ ಮತ್ತು ಮರದ ಪೆಟ್ಟಿಗೆ. ಗೂಡುಗಳ ಎತ್ತರವನ್ನು ಗಮನಿಸಬೇಕು: ಕುಳಿತವನ ಕೈಗೆ ಎಟುಕುವಷ್ಟು. ಕಿಟಕಿಗಳೂ ತಗ್ಗಿನಲ್ಲಿರುತ್ತಿದ್ದುವು. ಈಗಿನವರು ಅವನ್ನು ನೋಡಿ, "ಹಿಂದಿನವರು ಗಾಳಿ ಬೆಳಕಿನ ಜ್ಞಾನವಿಲ್ಲದೆ ಕಟ್ಟಿದರು" ಎನ್ನುತ್ತಾರೆ. ನಿಂತು ನೋಡಿ ಆಡಿದ ಮಾತು ಅದು. ಚಾಪೆಯ ಮೇಲೆ ಕುಳಿತು ನೋಡಿದರೆ ಬೀದಿಯೂ ಕಾಣುತ್ತದೆ, ಗಾಳಿಯೂ ಮುಖಕ್ಕೆ ತಾಗುತ್ತದೆ.

ಹಾಸುವ ವಸ್ತುಗಳಲ್ಲಿ ಕಲೆಗಾರಿಕೆ ಇರಲಿಲ್ಲವೆಂದೂ ಅಲ್ಲ. ನವಲಗುಂದದ ಜಮಖಾನವನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ನಿಲುವು ಮಗ್ಗದ ಮೇಲೆ ಹೆಂಗಸರು ನೇಯುವ ಈ ಹತ್ತಿಯ ಹಾಸುಗಳಲ್ಲಿ ನವಿಲು ಬರುತ್ತದೆ, ಪಗಡೆಯ ಹಾಸು ಬರುತ್ತದೆ. ನೇಯ್ಗೆಯ ಮರ್ಮವನ್ನು ಸೊಸೆಗೆ ಕಲಿಸುತ್ತಿದ್ದರೇ ಹೊರತು, ಮದುವೆಯಾಗಿ ಹೋಗುವ ಮಗಳಿಗೆ ಕಲಿಸುತ್ತಿರಲಿಲ್ಲ ಎಂಬ ಮಾತು ಪ್ರಚಾರದಲ್ಲಿದೆ. ಮೇಲೆ ಕುಳಿತು ಮಾತನಾಡಬಹುದು, ಪಗಡೆ ಆಡಬಹುದು, ಹೊದ್ದು ಮಲಗಲೂ ಬಹುದು. ಇಷ್ಟೊಂದು ಉಪಯೋಗವಿರುವ ಸೋಫಾವನ್ನು ನಾನಿನ್ನೂ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ, ಹಳೆಯ ಮನೆಯ ಗುಣಗಾನಕ್ಕೆ ನಾನು ಬಂದಿಲ್ಲವೆಂಬುದನ್ನೂ ಹೇಳಲೇಬೇಕು. ಯಾಕೆಂದರೆ ಆ ನೆಲ ಎಲ್ಲರಿಗೂ ಒಂದೇ ಆಗಿರಲಿಲ್ಲ. ಆಸನವೆಂಬುದು ನಮ್ಮಲ್ಲಿ ಬಹು ಹಿಂದಿನಿಂದಲೂ ಅಂತಸ್ತಿನ ಗುರುತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತು ಉಪಭೋಗಗಳ ಪ್ರಕರಣವಿದೆ. ಗೃಹಭೋಗ, ಆಸನಭೋಗ, ಆಸ್ಥಾನಭೋಗ, ಶಯ್ಯಾಭೋಗ ಇವೆಲ್ಲ ಅಲ್ಲಿ ಬೇರೆಬೇರೆಯಾಗಿ ಬರುತ್ತವೆ. ಕಾಲುಳ್ಳ ಪೀಠ ನಮಗೆ ಗೊತ್ತೇ ಇರಲಿಲ್ಲ ಎನ್ನುವವರು ಇದನ್ನು ನೆನೆಯಬೇಕು. ಗೊತ್ತಿತ್ತು, ಆದರೆ ಅದು ಅರಸನಿಗೆ, ಗುರುವಿಗೆ, ದೇವರಿಗೆ. ಉಳಿದವರಿಗೆ ಮಣೆ ಮತ್ತು ಚಾಪೆ. "ಮಣೆ ಹಾಕುವುದು" ಎಂಬ ನುಡಿಗಟ್ಟಿಗೆ ಗೌರವಿಸುವುದೆಂಬ ಅರ್ಥ ಬಂದಿರುವುದರಲ್ಲಿಯೇ ಮಣೆಯೂ ಎಲ್ಲರಿಗೆ ದೊರೆಯುತ್ತಿರಲಿಲ್ಲ ಎಂಬುದು ತಿಳಿಯುತ್ತದೆ.

ಜಗಲಿಯಂತೂ ಕಲ್ಲಿನಲ್ಲಿ ಕಟ್ಟಿದ ಜಾತಿಪದ್ಧತಿ. ಸಮಾನರಾದವರು ಜಗಲಿ ದಾಟಿ ಒಳಗೆ, ಕೊಂಚ ಕೆಳಗಿನವರು ಜಗಲಿಯ ಅಂಚಿನಲ್ಲಿ, ಅವರಿಗಿಂತ ಕೆಳಗಿನವರು ಮೆಟ್ಟಿಲ ಬಳಿ, ಹೊಲದಲ್ಲಿ ದುಡಿದು ಆ ಮನೆಗೆ ಅನ್ನ ತಂದವನು ಅಂಗಳದಾಚೆ. ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯ ಚೋಮ ತನ್ನ ಒಡೆಯನ ಮನೆಗೆ ಬಂದಾಗ ಕೂರುವ ಮಾತೇ ಏಳುವುದಿಲ್ಲ; ಅವನು ಹೊರಗೆ ನಿಂತು ಮಾತನಾಡಬೇಕಾದವನು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು, ನಿಜ. ಆದರೆ ಯಾರನ್ನು ಎಲ್ಲಿ ಕೂರಿಸಬೇಕೆಂಬ ನಡುಮನೆಯ ಕಾನೂನು ಬಹುಕಾಲ ತನ್ನ ಪಾಡಿಗೆ ತಾನು ನಡೆಯಿತು.

ಇನ್ನು ಮನೆಯ ಹೆಂಗಸರು. ಹೊರಗಿನವರು ಬಂದಾಗ ಅವರಿಗೆ ನಡುಮನೆಯೂ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಪಕ್ಕದಲ್ಲಿರುವ ಮಗುವಿನ ಕಡೆ ತಿರುಗಿ, "ಅವರು ತೋಟಕ್ಕೆ ಹೋಗಿದ್ದಾರೆ ಅಂತ ಹೇಳು ಮಗು" ಎಂದು ಎತ್ತರದ ದನಿಯಲ್ಲಿ ಹೇಳುತ್ತಿದ್ದರು. ಬಂದವರಿಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಮಗು ಅದನ್ನು ಮತ್ತೊಮ್ಮೆ ಒಪ್ಪಿಸಬೇಕು. ನಾನೂ ಹಾಗೆ ಒಪ್ಪಿಸಿದ ಮಗುವೇ. ಗಂಡಸರು ಸುಖವಾಗಿ ಒರಗಿ ತಾಂಬೂಲ ಹಾಕಿಕೊಳ್ಳುತ್ತಿದ್ದ ಆ ತಂಪಾದ ನೆಲದ ಮೇಲೆ ನಮ್ಮ ಅಜ್ಜಿ ಹಗಲು ಹೊತ್ತಿನಲ್ಲಿ ಬೆನ್ನು ಒರಗಿಸಿ ಕುಳಿತದ್ದನ್ನು ನಾನು ಕಾಣೆ.

ಇಂಥ ಮನೆಯೊಳಕ್ಕೆ ಕುರ್ಚಿ ಬಂತು. ಶಬ್ದಗಳನ್ನು ನೋಡಿದರೆ ಅದು ಬಂದ ದಾರಿ ತಿಳಿಯುತ್ತದೆ. ಮಣೆ, ಚಾಪೆ ಅಚ್ಚಗನ್ನಡ. ಕುರ್ಚಿ ಅರಬ್ಬಿಯಿಂದ, ಮೇಜು ಪಾರಸಿಯಿಂದ, ಅಲಮಾರು ಪೋರ್ಚುಗೀಸರಿಂದ. ಸೋಫಾ ಅರಬ್ಬಿಯಲ್ಲಿ ಹುಟ್ಟಿ ಯೂರೋಪನ್ನು ಸುತ್ತಿ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದದ್ದು. ನೆಲದಿಂದ ಮೇಲೆದ್ದ ಸಾಮಾನಿನ ಹೆಸರುಗಳು ಬಹುಮಟ್ಟಿಗೆ ಹೊರಗಿನವು. ಮೊದಲು ದರ್ಬಾರು, ಆಮೇಲೆ ಕಚೇರಿ, ಶಾಲೆ, ವಕೀಲರ ಮನೆಯ ಮುಂದಿನ ಕೋಣೆ, ಕೊನೆಗೆ ಸಾಮಾನ್ಯರ ಮನೆ ಎಂಬುದು ಕುರ್ಚಿಯ ಪಯಣ. ಅಧಿಕಾರಕ್ಕೆ ಇಂದಿಗೂ ನಾವು ಕುರ್ಚಿಯೆಂದೇ ಹೇಳುತ್ತೇವಲ್ಲ! ವಿಯೆನ್ನಾದ ಥೋನೆಟ್ ಸಂಸ್ಥೆ ೧೮೫೯ರಲ್ಲಿ ಮರವನ್ನು ಹಬೆಯಲ್ಲಿ ಬಾಗಿಸಿ ಹದಿನಾಲ್ಕನೆಯ ನಮೂನೆಯೆಂಬ ಒಂದು ಕುರ್ಚಿಯನ್ನು ಮಾಡಿತು. ಆರೇ ಆರು ಭಾಗಗಳು. ಬಿಡಿಸಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ೩೬ ಕುರ್ಚಿಗಳು ಹಿಡಿಯುತ್ತಿದ್ದುವು. ದುಂಡನೆಯ ಬೆನ್ನು, ಬೆತ್ತ ಹೆಣೆದ ಕೂರುವ ಜಾಗ. ಈ ಜಾತಿಯ ಬಾಗುಮರದ ಕುರ್ಚಿಯನ್ನು ನಮ್ಮ ಹಳೆಯ ಹೋಟೆಲುಗಳಲ್ಲಿ ಯಾರು ನೋಡಿಲ್ಲ? ಬೆತ್ತದ ಕಣ್ಣುಗಳಲ್ಲಿ ಗಾಳಿಯಾಡುವುದರಿಂದ ನಮ್ಮ ಸೆಖೆಗೆ ಅದು ಒಗ್ಗಿತು. ಆಮೇಲೆ ಬಂದ ದಪ್ಪ ಮೆತ್ತೆಯ, ಬೆವರು ಹಿಡಿಯುವ ರೆಕ್ಸಿನ್ ಹೊದಿಕೆಯ ಸೋಫಾ ಇಂದಿಗೂ ಒಗ್ಗಿಲ್ಲವೆಂದು ನನ್ನ ಅಭಿಪ್ರಾಯ.

ಕುರ್ಚಿಯಷ್ಟೇ ಬಂದಿದ್ದರೆ ಕೋಣೆ ಬದಲಾಗುತ್ತಿರಲಿಲ್ಲ. ಅದೇ ಕಾಲಕ್ಕೆ ಮನೆಯೇ ಒಳಹೊರಗಾಯಿತು. ತೊಟ್ಟಿಮನೆಗೆ ಬೆಳಕು ಒಳಗಿನಿಂದ, ಆಕಾಶಕ್ಕೆ ತೆರೆದ ತೊಟ್ಟಿಯಿಂದ ಬರುತ್ತಿತ್ತು. ಹೊರಗೋಡೆ ನೆರೆಮನೆಗೆ ಅಂಟಿಕೊಂಡಿದ್ದರೂ ಚಿಂತೆಯಿರಲಿಲ್ಲ. ತೊಟ್ಟಿಯ ಸುತ್ತಣ ಬದುಕು ಹೇಗಿತ್ತೆಂದು ನೋಡಬೇಕೆನ್ನುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ, ಸಂಗ್ರಹಾಲಯವಾಗಿ ಉಳಿಸಿಕೊಂಡಿರುವ ಕುವೆಂಪು ಅವರ ಮನೆಯ ಕಂಬಗಳ ನಡುವೆ ಒಂದು ಗಳಿಗೆ ಕುಳಿತು ಬರಬೇಕು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೋದರು. ಅಲ್ಲಿ ಒಂದೊಂದು ಮನೆಗೂ ಸುತ್ತ ಬಯಲು, ಸುತ್ತ ಕಿಟಕಿ. ಗಾಳಿ ಬೆಳಕು ಹೊರಗಿನಿಂದಲೇ ಬರತೊಡಗಿದ ಮೇಲೆ ತೊಟ್ಟಿಗೆ ಕೆಲಸವಿಲ್ಲದಾಯಿತು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ತರುವಾಯ ಮಂಗಳೂರು ಹೆಂಚು ನಾಡಿನ ತುಂಬ ಹರಡಿತ್ತು. ತೊಟ್ಟಿಯ ಮೇಲೆ ಅದನ್ನು ಹೊದಿಸಿ, ನಡುವೆ ಎರಡು ಗಾಜಿನ ಹೆಂಚು ಇಟ್ಟರೆ ಮುಗಿಯಿತು. ಶಿವನಸಮುದ್ರದ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿ, ನಿಧಾನವಾಗಿ ಮನೆಗಳಿಗೂ ಬಂತು. ಹಣತೆಯ ಸುತ್ತ ತಲೆ ತಗ್ಗಿಸಿ ಗುಂಪಾಗಿ ಕೂರುತ್ತಿದ್ದವರು, ಸೂರಿನ ನಡುವೆ ತೂಗಿದ ಬಲ್ಬಿನ ಕೆಳಗೆ ದೂರ ದೂರ ಕೂರಬಹುದಾಯಿತು.

ಹೀಗೆ ಮುಚ್ಚಿಕೊಂಡ ತೊಟ್ಟಿಯೇ ನಮ್ಮ ಹಾಲ್ ಎಂದು ನನ್ನ ತಿಳಿವಳಿಕೆ. ("ಯಜಮಾನರು ಹಾಲಲ್ಲಿದ್ದಾರೆ" ಎಂದಾಗ ನಮ್ಮ ಅಜ್ಜಿ ಬೆಚ್ಚಿ, "ಅಯ್ಯೋ, ಮೊಸರಲ್ಲಿ ಯಾರಿದ್ದಾರೋ" ಎಂದು ನಗುತ್ತಿದ್ದಳು.) ನಮ್ಮ ಹಾಲ್‌ಗಳ ದೊಡ್ಡ ದೋಷವೂ ಈ ಹುಟ್ಟಿನಿಂದಲೇ ಬಂದದ್ದು. ತೊಟ್ಟಿಗೆ ಸುತ್ತಣ ಎಲ್ಲ ಕೋಣೆಗಳೂ ಬಾಗಿಲು ತೆರೆಯಬೇಕಾಗಿತ್ತು. ಹಾಲ್‌ಗೂ ಹಾಗೆಯೇ ತೆರೆದೆವು. ತಲೆಬಾಗಿಲು, ಅಡಿಗೆಮನೆ, ಎರಡು ಮಲಗುವ ಕೋಣೆ, ದೇವರಮನೆ, ಬಚ್ಚಲು, ಮಹಡಿಮೆಟ್ಟಿಲು, ಎಣಿಸಿ ನೋಡಿ, ಆರೇಳು ದಾರಿಗಳಾದುವು. ಬೆನ್ನು ಕೊಟ್ಟು ಕೂರಲು ಒಂದು ಪೂರ್ಣ ಗೋಡೆಯೂ ಉಳಿಯಲಿಲ್ಲ. ಹೆಸರಿಗೆ ಕೂರುವ ಕೋಣೆ, ಕೆಲಸಕ್ಕೆ ನಾಲ್ಕು ರಸ್ತೆ ಸೇರುವ ಚೌಕ.

ಅಂಥ ಕೋಣೆ ಮೊದಲು ಸಾಹಿತ್ಯದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ರಂಗದ ಮೇಲೆ. ಅರಮನೆ, ಕಾಡು, ಕೈಲಾಸಗಳ ಪರದೆಗಳ ಮುಂದೆ ಕಂಪನಿ ನಾಟಕಗಳು ನಡೆಯುತ್ತಿದ್ದ ಕಾಲದಲ್ಲಿ ಟಿ. ಪಿ. ಕೈಲಾಸಂ (೧೮೮೪–೧೯೪೬) ಮಧ್ಯಮ ವರ್ಗದ ಮನೆಯ ಕೋಣೆಯನ್ನೇ ರಂಗವಾಗಿ ಮಾಡಿದರು. ಜನ ತಮ್ಮ ಮನೆಯನ್ನು ತಾವೇ ನೋಡಿ ನಕ್ಕರು.

ನಮ್ಮ ಮನೆಗೆ ಕುರ್ಚಿ ಬಂದಾಗ ಬಂದದ್ದು ಎರಡು. ಕಂದಾಯದ ಅಧಿಕಾರಿ ಬಂದಾಗ, ಶಾಲೆಯ ತನಿಖಾಧಿಕಾರಿ ಬಂದಾಗ ಅವನ್ನು ಒರಸಿ ಇಡುತ್ತಿದ್ದರು. ತಂದೆ ಒಮ್ಮೊಮ್ಮೆ ಒಂದರ ಮೇಲೆ ಕೂರುತ್ತಿದ್ದರು. ತಾಯಿ ಧೂಳು ಹೊಡೆಯುವುದಕ್ಕಲ್ಲದೆ ಅವನ್ನು ಮುಟ್ಟಲಿಲ್ಲ. "ಕೂತ್ಕೊಳ್ಳಮ್ಮಾ" ಎಂದರೆ, "ನಂಗೆ ನೆಲವೇ ಹಿತ ಕಣೋ" ಎನ್ನುತ್ತಿದ್ದಳು. ಅದು ಹಿತವೋ ಅಭ್ಯಾಸವೋ ಅಂಜಿಕೆಯೋ, ಅಷ್ಟು ವಯಸ್ಸಿನಲ್ಲಿ ನಾನು ವಿವೇಚಿಸುವಂತಿರಲಿಲ್ಲ.

ಅವಳನ್ನು ಕುರ್ಚಿಗೆ ಏರಿಸಿದ್ದು ನಾವ್ಯಾರೂ ಅಲ್ಲ, ದೂರದರ್ಶನ. ಇದನ್ನು ಸ್ವಲ್ಪ ವಿವರಿಸಬೇಕು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಧಾರವಾಡ ನಿಲಯ ೧೯೫೦ರಲ್ಲಿ, ಬೆಂಗಳೂರು ನಿಲಯ ೧೯೫೫ರಲ್ಲಿ ಆರಂಭವಾದುವು. ರೇಡಿಯೋ ನಡುಮನೆಯ ಗೂಡಿನಲ್ಲಿ ಕುಳಿತರೂ ಅದರ ದನಿ ಅಡಿಗೆಮನೆಗೆ ಹೋಗುತ್ತಿತ್ತು. ಒಗ್ಗರಣೆ ಹಾಕುತ್ತಲೇ ನಾಟಕ ಕೇಳಬಹುದು. ಅದು ಹೆಂಗಸರನ್ನು ಇದ್ದಲ್ಲಿಯೇ ಇರಗೊಟ್ಟಿತು. ಚಿತ್ರ ಹಾಗಲ್ಲ. ಬೆಂಗಳೂರಿಗೆ ೧೯೮೧ರಲ್ಲಿ ದೂರದರ್ಶನ ಬಂತು. ೧೯೮೭ರ ಜನವರಿಯಿಂದ ಭಾನುವಾರದ ಬೆಳಿಗ್ಗೆ ರಾಮಾಯಣ ಬರತೊಡಗಿತು. ಚಿತ್ರ ನೋಡಬೇಕಾದರೆ ಎದುರಿಗೇ ಬಂದು ಕೂರಬೇಕು. ಅಡಿಗೆಮನೆಯ ಹೆಂಗಸರು ಈಳಿಗೆಮಣೆ ಸಮೇತ ಹಾಲ್‌ಗೆ ಬಂದರು; ನೆಲದ ಮೇಲೆ ಕುಳಿತರೆ ಮುಂದಿನವರ ತಲೆ ಅಡ್ಡ ಬಂತು; ಕುರ್ಚಿಗೆ ಏರಿದರು. ಪಕ್ಕದಲ್ಲಿ ಮಾವ ಕುಳಿತಿದ್ದರೂ ಯಾರೂ ಏಳಲಿಲ್ಲ, ಯಾಕೆಂದರೆ ಎಲ್ಲರ ಕಣ್ಣೂ ಎದುರಿಗೆ ನೆಟ್ಟಿತ್ತು. ಸಮಾಜಸುಧಾರಕರ ಭಾಷಣಗಳಿಂದ ಆಗದ ಕೆಲಸವನ್ನು ಒಂದು ಪೆಟ್ಟಿಗೆ ಮಾಡಿತೆಂದರೆ ನೀವು ನಗಬಹುದು. ನಮ್ಮ ಮನೆಯಲ್ಲಂತೂ ಆದದ್ದು ಹೀಗೆಯೇ.

ಕುರ್ಚಿ ಮಾಡಿದ ಇನ್ನೊಂದು ಉಪಕಾರವನ್ನು ನಾನು ಬೆಂಗಳೂರಿನ ಕಾರ್ಖಾನೆಗಳ ವಸತಿಗಳಲ್ಲಿ ಕಂಡೆ. ಎಚ್.ಎಂ.ಟಿ. ೧೯೫೩ರಲ್ಲಿ, ಬಿ.ಇ.ಎಲ್. ೧೯೫೪ರಲ್ಲಿ ಹುಟ್ಟಿದುವು. ಇಂಥ ಕಾರ್ಖಾನೆಗಳ ಸುತ್ತ ಎದ್ದ ಚಿಕ್ಕ ಮನೆಗಳಲ್ಲಿ ಜಗಲಿಯಿಲ್ಲ, ನಡುಮನೆಯಿಲ್ಲ; ಬಾಗಿಲು ತೆಗೆದರೆ ನೇರವಾಗಿ ಹಾಲ್. ಒಂದೇ ಯಂತ್ರದ ಬಳಿ ದುಡಿಯುವ ಗೆಳೆಯ ಸಂಜೆ ಬಂದರೆ ಅವನನ್ನು ನಿಲ್ಲಿಸಿ ಮಾತನಾಡಿಸಲು ಅಲ್ಲಿ ಅಂಗಳವೇ ಇಲ್ಲ. ಮಡಿಚುವ ಕಬ್ಬಿಣದ ಕುರ್ಚಿ ಬಿಡಿಸಿ "ಬನ್ನಿ, ಕೂತ್ಕೊಳ್ಳಿ" ಎನ್ನಲೇಬೇಕು. ಚಾಪೆಯ ಮೇಲಾದರೆ ಒಂದೇ ಹಾಸು, ಮಡಿ ಮೈಲಿಗೆಯ ತಕರಾರು ಏಳುತ್ತದೆ. ಕುರ್ಚಿ ಒಬ್ಬೊಬ್ಬರಿಗೆ ಒಂದು, ಮೇಲಾಗಿ ಎಲ್ಲವೂ ಒಂದೇ ಎತ್ತರ. ಮನಸ್ಸು ಬದಲಾಯಿತೆಂದು ನಾನು ಹೇಳುವುದಿಲ್ಲ; ಕಾಫಿಯ ಲೋಟವನ್ನು ಬೇರೆ ಇಟ್ಟವರು ಇದ್ದರು. ಆದರೂ ತಂದೆ ಅಂಗಳದಲ್ಲಿ ನಿಂತಿದ್ದವನ ಮಗ ಒಳಗೆ ಬಂದು ಬೆನ್ನು ಒರಗಿಸಿ ಕುಳಿತ.

ಆದ್ದರಿಂದ ಸೋಫಾ ಬಿಸುಟು ಚಾಪೆಗೆ ಹಿಂದಿರುಗಿ ಎಂದು ನಾನು ಹೇಳಲಾರೆ. ಅರವತ್ತು ದಾಟಿದ ನನ್ನ ಮೊಣಕಾಲೂ ಅದಕ್ಕೆ ಒಪ್ಪದು. ನನ್ನ ತಕರಾರು ಬೇರೆ. ವಾರಕ್ಕೊಮ್ಮೆ ಬರುವ ಅತಿಥಿಗೆಂದು ಕೋಣೆಯನ್ನು ಸಿದ್ಧಪಡಿಸಿ, ದಿನವೂ ಇರುವವರು ಅದರ ಅಂಚಿನಲ್ಲಿ ಬದುಕುವುದು ಈಗಲೂ ನಡೆದೇ ಇದೆ. ಕಚೇರಿಯ ಅಧಿಕಾರಿಗೆಂದು ಕುರ್ಚಿ ಒರಸಿಟ್ಟ ಬುದ್ಧಿಯೇ ಇದು. ಗಾಜಿನ ಷೋಕೇಸಿನಲ್ಲಿ ವರ್ಷವಿಡೀ ಬೊಂಬೆಗಳ ದಸರಾ. ನಿಜವಾದ ದಸರಾ ಬಂದಾಗ ಬೊಂಬೆಯ ಮೆಟ್ಟಿಲು ಕಟ್ಟಲು ಮೂರಡಿ ನೆಲವಿಲ್ಲ.

ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸುವ ಹಳೆಯ ವಿದ್ಯಾರ್ಥಿಗಳು ನಕ್ಷೆ ತಂದು ತೋರಿಸಿದಾಗ ನಾನು ಮೊದಲು ಹಾಲ್‌ನ ಬಾಗಿಲುಗಳನ್ನು ಎಣಿಸುತ್ತೇನೆ. ಎರಡನ್ನಾದರೂ ಒಂದು ಮೂಲೆಗೆ ತಳ್ಳಿದರೆ ಒಂದು ಗೋಡೆ ಉಳಿಯುತ್ತದೆ. ಉಳಿದ ಗೋಡೆಗೆ ಕಿಟಕಿ ಇಡುವಾಗ, ಕುಳಿತವರ ಕಣ್ಣಿಗೆ ಹೊರಗಿನ ಗಿಡ ಕಾಣುವಷ್ಟು ತಗ್ಗಿನಲ್ಲಿ ಇಡಲು ಹೇಳುತ್ತೇನೆ. ಸೋಫಾ ಕೊಳ್ಳುವ ಮುನ್ನ ಅದರ ಅಳತೆಯನ್ನು ರಂಗೋಲಿ ಪುಡಿಯಿಂದ ನೆಲದ ಮೇಲೆ ಬರೆದು, ಎರಡು ದಿನ ಆ ಗೆರೆ ತುಳಿಯದೆ ಓಡಾಡಿ ನೋಡುವುದು ಒಳ್ಳೆಯದು. ಎಷ್ಟೋ ಮಂದಿ ಮೂರು ಜನರ ಸೋಫಾದ ಆಸೆಯನ್ನು ಬಿಟ್ಟು ಗಟ್ಟಿ ಕೈಗಳಿರುವ ಎರಡು ಕುರ್ಚಿ ತಂದಿದ್ದಾರೆ. ಕೂರುವ ಹಲಗೆ ಮೊಣಕಾಲಿನ ಎತ್ತರಕ್ಕಿರಬೇಕು. ಕುರ್ಚಿ ಆರಿಸುವಾಗ ಅಂಗಡಿಗೆ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗಿ ಕೂರಿಸಿ, ಯಾರ ಕೈಯೂ ಹಿಡಿಯದೆ ಅವರು ತಾವಾಗಿ ಎದ್ದರೆ ಅದನ್ನು ಕೊಳ್ಳಿ ಎನ್ನುತ್ತೇನೆ. ಹೋದ ವರ್ಷ ಒಬ್ಬ ಶಿಷ್ಯ ಹೀಗೆಯೇ ತನ್ನ ತಾಯಿಯನ್ನು ಕರೆದೊಯ್ದನಂತೆ. ಆಕೆ ಅಂಗಡಿಯ ಹನ್ನೊಂದು ಕುರ್ಚಿಗಳಲ್ಲಿ ಕುಳಿತು ಎದ್ದು, ಹನ್ನೆರಡನೆಯದನ್ನು ಆರಿಸಿ, ಅದನ್ನು ಕಿಟಕಿಯ ಬಳಿ ಎಲ್ಲಿ ಹಾಕಬೇಕೆಂಬುದನ್ನೂ ತಾವೇ ಹೇಳಿದರಂತೆ.